ಎಬೊಲಾ ವಾರ್ಡಿನಲ್ಲಿ ಗುಟುಕು ಗುಟುಕಾಗಿ

ಮುಂಬಯಿಯ ಪರೇಲಿನ ಆಸ್ಪತ್ರೆಯಲ್ಲಿ ನನ್ನ ಕೈಕೆಳಗೆ ಕೆಲಸ ಕಲಿಯುವ ಉಡುಪಿ, ಕುಂದಾಪುರದ ಹುಡುಗಿಯರು ಆಗಾಗ ಕೇಳುತ್ತಾರೆ: "ಅಕ್ಕಾ, 2014ರಲ್ಲಿ ಎಬೊಲಾಕ್ಕೆ ಮದ್ದೇ ಇರಲಿಲ್ಲವಲ್ಲ, ಸಿಯೆರಾ ಲಿಯೋನ್‌ಗೆ ಹೋಗಿ ನೀವು ಮಾಡಿದ್ದಾದರೂ ಏನು?" ನೀರು ಕುಡಿಸಿದೆ ಎಂದರೆ ನಗುತ್ತಾರೆ.

ಮೈಯೆಲ್ಲ ರಕ್ತ ಸುರಿದು ಸಾಯುತ್ತಾರೆ ಎಂಬುದು ಸಿನಿಮಾದವರ ಎಬೊಲಾ. ನಾನು ಕಂಡ ಹೆಚ್ಚಿನವರನ್ನು ಹಣ್ಣುಮಾಡಿದ್ದು ವಾಂತಿಭೇದಿ. ದಿನಕ್ಕೆ ಐದು ಲೀಟರಿಗೂ ಮಿಕ್ಕಿ ನೀರು ಹೋಗಬಹುದು, ಜೊತೆಗೆ ಪೊಟ್ಯಾಸಿಯಂ. ಮೊದಲು ವಾಂತಿ ತಡೆಯಲು ಒಂಡಾನ್‌ಸೆಟ್ರಾನ್ ಕೊಡುತ್ತಿದ್ದೆ. ಆಮೇಲೆ ಓಆರ್‌ಎಸ್, ಒಂದೊಂದೇ ಗುಟುಕು. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಗಂಟೆ ಬರೆದಿಡುತ್ತಿದ್ದೆ. ಮುಂದಿನ ಪಾಳಿಯವರಿಗೆ ಅದೇ ಲೆಕ್ಕ. ಕುಡಿಯಲಾಗದವರಿಗೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರಾವಣದ ಡ್ರಿಪ್. ಆದರೆ ಎರಡು ಜೊತೆ ಗ್ಲೌಸ್ ತೊಟ್ಟರೆ ನಾಡಿ ಕೈಗೆ ಸಿಗದು, ಗಾಗಲ್ಸ್ ಮಂಜಾದರೆ ರಕ್ತನಾಳ ಕಾಣದು. ಕಾಣದಿದ್ದಾಗ ಸೂಜಿ ಮುಟ್ಟುತ್ತಿರಲಿಲ್ಲ. ಧೈರ್ಯ ಮೆರೆಯುವ ಜಾಗವಲ್ಲ ಅದು.

ಸೋಂಕು ಅಂಟಿರಬಹುದೆಂದು ವಾರ್ಡಿನ ಒಳಗಿನ ಕಾಗದ ಹೊರಗೆ ಬರುವಂತಿಲ್ಲ. ಬೇಲಿಯ ಬಳಿ ನಿಂತು ಹಾಸಿಗೆ ನಂಬರು, ಕುಡಿದದ್ದು, ಕಕ್ಕಿದ್ದು ಎಲ್ಲವನ್ನೂ ಕೂಗಿ ಹೇಳಬೇಕು. ಆಚೆ ಕಡೆಯ ಸಹೋದ್ಯೋಗಿ ಬರೆದುಕೊಂಡು ತಿರುಗಿ ಓದಬೇಕು. ಮಾಸ್ಕಿನೊಳಗಿಂದ ಇಂಗ್ಲಿಷಿನ ಫಿಫ್ಟೀನ್ ಫಿಫ್ಟಿಯಾಗಿ ಕೇಳಿಸುವುದುಂಟು, ಹಾಗಾಗಿ ಬೆರಳನ್ನೂ ತೋರಿಸುತ್ತಿದ್ದೆ. ರಕ್ಷಣಾ ಉಡುಪಿನಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಬೆವರು ಬೂಟಿಗಿಳಿದಿರುತ್ತಿತ್ತು. ಅದರೆದುರು ಮುಂಬಯಿಯ ಮೇ ತಿಂಗಳು ಏನೂ ಅಲ್ಲ.

ಮಲೇರಿಯಾ ಮಾತ್ರೆ ಎಲ್ಲರಿಗೂ ಕೊಡುತ್ತಿದ್ದೆವು. ಜ್ವರ, ನೋವಿಗೆ ಪ್ಯಾರಾಸಿಟಮಾಲ್; ಐಬುಪ್ರೊಫೇನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುವುದರಿಂದ ಬೇಡ. ಮಳೆಗಾಲದ ಡೆಂಗಿ ವಾರ್ಡಿನಲ್ಲೂ ನಮ್ಮದು ಇದೇ ಪಾಠ.

ಈಗ ಮದ್ದಿದೆ. ಕಾಂಗೋದಲ್ಲಿ ಪ್ರಯೋಗ ನಡೆದು, 2020ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಇನ್‌ಮಾಜೆಬ್ ಮತ್ತು ಎಬಾಂಗಾ, ಎರಡೂ ಎಬೊಲಾದ ಜೈರ್ ಎಂಬ ಒಂದು ಬಗೆಯ ವೈರಾಣುವಿಗೆ ಮಾತ್ರ. ಆ ಪ್ರಯೋಗದಲ್ಲಿ ಇವನ್ನು ಪಡೆದವರಲ್ಲೂ ಸುಮಾರು ಮೂರನೇ ಒಂದು ಪಾಲು ಜನ ಉಳಿಯಲಿಲ್ಲ. ಇದನ್ನು ಹೇಳಿದ ಮೇಲೆ ಹುಡುಗಿಯರು ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿಗೆ ಸರಿಯಾಗಿ ಅಳೆದು ಕಲಸುತ್ತಾರೆ.

ಗುಣವಾದ ಗಂಡಸರನ್ನು ಕಳುಹಿಸುವಾಗ ಕಾಂಡೋಮ್ ಕೊಟ್ಟು, ನಾಚಿಕೆ ಬದಿಗಿಟ್ಟು ಬಿಡಿಸಿ ಹೇಳಬೇಕಿತ್ತು: ರಕ್ತದಲ್ಲಿ ಇಲ್ಲವಾದರೂ ವೀರ್ಯದಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ. 2014ರ ನವೆಂಬರಿನಲ್ಲಿ ಲೈಬೀರಿಯಾದಿಂದ ಗುಣವಾಗಿ ಬಂದವರೊಬ್ಬರನ್ನು ದೆಹಲಿ ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕವಾಗಿ ಇರಿಸಿದ್ದು ಇದಕ್ಕೇ.