ಚರ್ಚೆ ಒಂದೇ ಕತೆಯದು, ಉಲ್ಲೇಖ ಇಡೀ ಪುಸ್ತಕಕ್ಕೆ ಯಾಕೆ?

ಹಾಸನದ ಹೇಮಗಂಗೋತ್ರಿ ಕ್ಯಾಂಪಸ್ಸಿನಲ್ಲೋ ಚಿಕ್ಕಮಗಳೂರಿನ ಕಾಲೇಜಿನಲ್ಲೋ ಸಾಹಿತ್ಯದ ಪ್ರಬಂಧ ಬರೆಯಲು ಕೂತವರಿಗೆ ತೇಜಸ್ವಿ, ಬಾನು ಮುಷ್ತಾಕ್ ಮನೆಯವರಿದ್ದಂತೆ. ಕತೆಯ ಚರ್ಚೆ ಚೆನ್ನಾಗಿಯೇ ಇರುತ್ತದೆ. ಎಡವಟ್ಟಾಗುವುದು ಕೊನೆಯ ಪುಟದ ಉಲ್ಲೇಖ ಪಟ್ಟಿಯಲ್ಲಿ. ಚರ್ಚಿಸಿದ್ದು ಒಂದು ಕತೆ, ಉಲ್ಲೇಖ ಕೊಟ್ಟಿದ್ದು ಇಡೀ ಸಂಕಲನಕ್ಕೆ. ಓದುವವರು ಆ ಕತೆಯನ್ನು ಎಲ್ಲಿ ಅಂತ ಹುಡುಕಬೇಕು?

ಪುಸ್ತಕ ಕೈಯಲ್ಲಿರುವಾಗಲೇ ಮಾಹಿತಿ ಹಿಡಿದಿಟ್ಟುಕೊಳ್ಳಿ. ಶೀರ್ಷಿಕೆ ಪುಟ, ಅದರ ಹಿಂಬದಿ, ಪರಿವಿಡಿ, ಈ ಮೂರರ ಫೋಟೊ ಮೊಬೈಲಿನಲ್ಲಿರಲಿ. ಕತೆ ಶುರುವಾಗುವ ಪುಟ, ಮುಗಿಯುವ ಪುಟ ಎರಡೂ ಬೇಕು. ಪರಿವಿಡಿ ಸಾಮಾನ್ಯವಾಗಿ ಶುರುವಿನ ಪುಟವನ್ನಷ್ಟೇ ಹೇಳುತ್ತದೆ. ಮುಗಿಯುವುದನ್ನು ಹಾಳೆ ಮಗುಚಿಯೇ ನೋಡಬೇಕು.

ಇನ್ನು ಬರೆಯುವ ಕ್ರಮ. ಸಾಹಿತ್ಯ ವಿಭಾಗಗಳಲ್ಲಿ ಬಳಕೆಯಲ್ಲಿರುವ ಎಂಎಲ್‌ಎ ಪದ್ಧತಿಯನ್ನೇ (ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ರೂಪಿಸಿದ ಉಲ್ಲೇಖ ಕ್ರಮ, 9ನೇ ಆವೃತ್ತಿ, 2021) ಹಿಡಿಯೋಣ. ಮೊದಲು ಕತೆಗಾರರ ಹೆಸರು. ಆಮೇಲೆ ಉದ್ಧರಣ ಚಿಹ್ನೆಯೊಳಗೆ ಕತೆಯ ಹೆಸರು. ಆಮೇಲೆ ಇಟ್ಯಾಲಿಕ್‌ನಲ್ಲಿ ಸಂಕಲನ. ಸಂಪಾದಕರೋ ಅನುವಾದಕರೋ ಇದ್ದರೆ ಅವರ ಸರದಿ ಈಗ. ಕೊನೆಗೆ ಪ್ರಕಾಶಕರು, ವರ್ಷ, ಪುಟಗಳು.

ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ವಿಷಯದಲ್ಲಿ ಇದು ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. ಅದು ಸಂಕಲನದ ಹೆಸರೂ ಹೌದು, ಒಳಗಿನ ಒಂದು ಕತೆಯ ಹೆಸರೂ ಹೌದು. ಉದ್ಧರಣ ಚಿಹ್ನೆ ಇದ್ದರೆ ಕತೆ, ಇಟ್ಯಾಲಿಕ್ ಇದ್ದರೆ ಪುಸ್ತಕ. ಬೇರೆ ಗುರುತೇ ಇಲ್ಲ. ಕನ್ನಡದ ಎಷ್ಟೋ ಫಾಂಟುಗಳಲ್ಲಿ ಅಕ್ಷರ ಓರೆ ಮಾಡಿದರೆ ನೋಡಲಾಗುವುದಿಲ್ಲ, ಹಾಗಾಗಿ ದಪ್ಪ ಅಕ್ಷರ ಬಳಸಿದರೆ ನನ್ನ ತಕರಾರಿಲ್ಲ. ಆದರೆ ಕೊನೆವರೆಗೂ ಅದನ್ನೇ ಬಳಸಿ. ಅದೇ ಸಂಕಲನದ ‘ತಬರನ ಕತೆ’ಯ ನಮೂದು ಹೀಗೆ ಶುರುವಾಗುತ್ತದೆ: ತೇಜಸ್ವಿ, ಕೆ.ಪಿ. ಪೂರ್ಣಚಂದ್ರ. “ತಬರನ ಕತೆ.” ಅಬಚೂರಿನ ಪೋಸ್ಟಾಫೀಸು, ಪುಸ್ತಕ ಪ್ರಕಾಶನ. ಮುಂದಿನ ವರ್ಷವೂ ಪುಟಗಳೂ ನಿಮ್ಮ ಕೈಯಲ್ಲಿರುವ ಪ್ರತಿಯವೇ ಆಗಿರಲಿ. ಸಂಕಲನ ಮೊದಲು ಬಂದಿದ್ದು 1973ರಲ್ಲಿ, ಆಮೇಲೆ ಮರುಮುದ್ರಣಗಳಾಗಿವೆ. 1973 ಅಂತ ಬರೆದು ಹೊಸ ಮುದ್ರಣದ ಪುಟ ಕೊಟ್ಟರೆ ಆ ಉಲ್ಲೇಖಕ್ಕೆ ಅರ್ಥವೇ ಇಲ್ಲ, ಅಲ್ವಾ? ಮೊದಲ ವರ್ಷವನ್ನೂ ಹೇಳಬೇಕೆಂದಿದ್ದರೆ ಕತೆಯ ಹೆಸರು ಮುಗಿದ ಕೂಡಲೇ ಸೇರಿಸಬಹುದು.

ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಇನ್ನೊಂದು ತರ. 2025ರ ಇಂಟರ್‌ನ್ಯಾಷನಲ್ ಬುಕರ್ ಗೆದ್ದ ಈ ಪುಸ್ತಕ ಯಾವುದೋ ಒಂದು ಕನ್ನಡ ಸಂಕಲನದ ಅನುವಾದವಲ್ಲ. 1990ರಿಂದ 2023ರವರೆಗಿನ ಕತೆಗಳಲ್ಲಿ ಆಯ್ದ 12 ಇಲ್ಲಿವೆ. ಇಂಗ್ಲಿಷ್ ಸಾಲು ಎತ್ತಿಕೊಂಡರೆ ನಮೂದು ಬಾನು ಅವರ ಹೆಸರಿನಿಂದಲೇ ಶುರುವಾಗಬೇಕು, ಸಂಕಲನದ ಹೆಸರಾದ ಮೇಲೆ ‘ಅನು. ದೀಪಾ ಭಾಸ್ತಿ’ ಬರಬೇಕು. ಕನ್ನಡ ಸಾಲು ಎತ್ತಿಕೊಂಡರೆ ಆ ಕತೆ ಇರುವ ಕನ್ನಡ ಸಂಕಲನ ಹುಡುಕಿ ಬೇರೆಯೇ ನಮೂದು ಕೊಡಿ. ಎರಡನ್ನೂ ಬೆರೆಸಿ ಒಂದು ಮಾಡಬೇಡಿ.

ಹಲವರ ಕತೆಗಳಿರುವ ಸಂಪಾದಿತ ಪುಸ್ತಕದಲ್ಲೂ ಮೊದಲು ಬರುವುದು ಕತೆಗಾರರೇ, ಸಂಪಾದಕರಲ್ಲ. ಒಂದೇ ಪುಸ್ತಕದಿಂದ ನಾಲ್ಕೈದು ಕತೆ ತೆಗೆದುಕೊಂಡಿದ್ದರೆ ಸಂಪಾದಕರ ಹೆಸರಿನಲ್ಲಿ ಒಂದು ಪೂರ್ಣ ನಮೂದು ಇಟ್ಟುಬಿಡಿ. ಉಳಿದವಕ್ಕೆ ಕತೆಗಾರರು, ಕತೆ, ಸಂಪಾದಕರ ಹೆಸರು, ಪುಟ ಸಾಕು.

ಬರಹದ ನಡುವೆ ಆವರಣದಲ್ಲಿ ಲೇಖಕರ ಹೆಸರು, ಆ ಸಾಲು ಇರುವ ಪುಟ ಇಷ್ಟೇ ಕೊಡಿ. ಒಬ್ಬರದೇ ಎರಡು ಕತೆ ಇದ್ದರೆ ಕತೆಯ ಹೆಸರನ್ನೂ ಚಿಕ್ಕದಾಗಿ ಸೇರಿಸಿ. ವಚನವಾದರೆ, ಸಂಪುಟದಲ್ಲಿ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ಬರೆಯಿರಿ. ಮುದ್ರಣ ಬದಲಾದರೆ ಪುಟ ಬದಲಾಗುತ್ತದೆ, ಸಂಖ್ಯೆಯಿಂದ ಹುಡುಕುವುದು ಸುಲಭ.

ನಿಮ್ಮ ಗೈಡ್ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಪದ್ಧತಿ) ಕೇಳಿದರೆ ವರ್ಷ ಲೇಖಕರ ಹೆಸರಿನ ಪಕ್ಕಕ್ಕೆ ಬರುತ್ತದೆ, ಪಟ್ಟಿಯಲ್ಲಿ ಕತೆಯ ಹೆಸರಿಗೆ ಉದ್ಧರಣ ಚಿಹ್ನೆ ಇರುವುದಿಲ್ಲ. ಯಾವ ಪದ್ಧತಿ ಅಂತ ಶುರುವಿನಲ್ಲೇ ಕೇಳಿಕೊಳ್ಳಿ.

ಪಿಡಿಎಫ್ ನೋಡಿ ಬರೆಯುವವರಿಗೆ ಇನ್ನೊಂದು ಮಾತು. ಸ್ಕ್ರೀನಿನ ಮೂಲೆಯಲ್ಲಿ ಕಾಣುವ ಸಂಖ್ಯೆ ಬೇಡ, ಹಾಳೆಯ ಮೇಲೆ ಅಚ್ಚಾಗಿರುವ ಪುಟಸಂಖ್ಯೆಯನ್ನೇ ಕೊಡಿ.