ಮ್ಯಾಗಜೀನ್ ಒಳಗೆ ಎಣ್ಣೆ ಬೇಡ

ಐಪಿಎಸ್‌ಸಿ (ಓಡುತ್ತಾ ಗುರಿಗಳಿಗೆ ಗುಂಡು ಹಾರಿಸುವ ಶೂಟಿಂಗ್ ಕ್ರೀಡೆ) ಸ್ಪರ್ಧೆಯಲ್ಲಿ ಪಿಸ್ತೂಲು ಕೈಕೊಟ್ಟರೆ ಮೊದಲು ಅನುಮಾನಿಸಬೇಕಾದ್ದು ಗುಂಡು ತುಂಬಿಡುವ ಮ್ಯಾಗಜೀನನ್ನು. ಓಡುತ್ತಾ ಬದಲಿಸುವಾಗ ಅದು ಬೀಳುವುದು ಮಣ್ಣಿಗೇ. ಪ್ರತಿಯೊಂದರ ತಳಕ್ಕೂ ಪೇಂಟ್ ಪೆನ್ನಿನಲ್ಲಿ ನಂಬರ್ ಬರೆಯಿರಿ. ಪದೇಪದೇ ಒಂದೇ ನಂಬರಿನಲ್ಲಿ ಗುಂಡು ಸಿಕ್ಕಿಕೊಂಡರೆ ಪಿಸ್ತೂಲು ಬಿಚ್ಚುವ ಅಗತ್ಯವೇ ಇಲ್ಲ.

ಮ್ಯಾಗಜೀನ್ ಶುಚಿ ಮಾಡಲು ಗುಂಡುಗಳನ್ನು ಪೂರ್ತಿ ತೆಗೆದು, ಸ್ಪ್ರಿಂಗ್ ಚಿಮ್ಮದಂತೆ ಹೆಬ್ಬೆರಳು ಒತ್ತಿಟ್ಟು ತಳದ ಮುಚ್ಚಳವಾದ ಬೇಸ್ ಪ್ಯಾಡ್ ಜಾರಿಸಿ. ಸ್ಪ್ರಿಂಗ್ ಯಾವ ಕಡೆಗೆ ಮುಖ ಮಾಡಿತ್ತೆಂದು ಫೋಟೊ ತೆಗೆದಿಡಿ. ಹಿಂದುಮುಂದಾದರೆ ಫಾಲೋವರ್ (ಗುಂಡುಗಳನ್ನು ಮೇಲಕ್ಕೆ ತಳ್ಳುವ ತುಂಡು) ವಾಲಿ ಗುಂಡಿನ ಮೂತಿ ಕೆಳಕ್ಕೆ ಕುಕ್ಕುತ್ತದೆ. ಒಳಗೆ ಒಣ ಬ್ರಷ್, ಒಣ ಬಟ್ಟೆ ಸಾಕು. ಎಣ್ಣೆ ಹಾಕಿದರೆ ಧೂಳು ಅಂಟಿ ಫಾಲೋವರ್ ಹಿಡಿದುಕೊಳ್ಳುತ್ತದೆ. ಆ ಎಣ್ಣೆ ಗುಂಡಿನ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಇಳಿದರೆ ಗುಂಡು ಹಾರದೆಯೂ ಇರಬಹುದು. ಗುಂಡನ್ನು ಹಿಡಿದಿಡುವ ಮ್ಯಾಗಜೀನಿನ ಮೇಲಿನ ತುಟಿಗಳು ಅಗಲವಾಗಿವೆಯೇ ಎಂದು ಕ್ಯಾಲಿಪರ್‌ನಲ್ಲಿ ಅಳೆದು, ಚೆನ್ನಾಗಿ ಓಡುವ ಇನ್ನೊಂದರ ಅಳತೆಗೆ ಹೋಲಿಸಿ. ಇಕ್ಕಳದಲ್ಲಿ ಬಗ್ಗಿಸುವ ಸಾಹಸವಂತೂ ಬೇಡ.

ಕೊನೆಯ ಗುಂಡಿನ ನಂತರ ಸ್ಲೈಡ್ (ಪಿಸ್ತೂಲಿನ ಹಿಂದೆಮುಂದೆ ಸರಿಯುವ ಮೇಲ್ಭಾಗ) ಹಿಂದೆ ನಿಲ್ಲುತ್ತಿಲ್ಲವೇ? ಮೊದಲು ಮ್ಯಾಗಜೀನಿನ ಸ್ಪ್ರಿಂಗ್ ಬದಲಿಸಿ ನೋಡಿ.