ಬಾರ್ಕೂರಿನ ಶಾಸನಕಲ್ಲುಗಳನ್ನು ದಾಖಲಿಸುವ ಬಗೆ

ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಕಾಲದಲ್ಲಿ ಕರಾವಳಿಯ ಆಡಳಿತ ಕೇಂದ್ರವಾಗಿ ಬೆಳೆದ ಬಾರ್ಕೂರಿನಲ್ಲಿ ಶಾಸನಗಳನ್ನು ಕತ್ತಲೆ ಬಸದಿಯ ಆಸುಪಾಸಿನಲ್ಲಷ್ಟೇ ಅಲ್ಲ, ಕೇರಿಗಳ ದೇವಸ್ಥಾನದ ಅಂಗಳಗಳಲ್ಲೂ ಹುಡುಕಬೇಕು. ಜಾಗಕ್ಕೆ ಸಂಬಂಧಪಟ್ಟವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ ಅನುಮತಿಯೂ ಬೇಕು.

ಮಳೆಗಾಲ ಮುಗಿದು ಪಾಚಿ ಒಣಗಿದ ಮೇಲೆ ಹೋಗುವುದು ಒಳ್ಳೆಯದು. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ. ಅಗತ್ಯವಿದ್ದರೆ ಬರೀ ನೀರು ಸಾಕು. ತಂತಿಬ್ರಷ್ಷು, ಆ್ಯಸಿಡ್, ಎಣ್ಣೆ ಬೇಡ. ಅಕ್ಷರ ಎದ್ದು ಕಾಣಲೆಂದು ಪೇಂಟು ತುಂಬುವ ಭಕ್ತಿಯಂತೂ ಖಂಡಿತ ಬೇಡ, ಏಕೆಂದರೆ ತುಂಬುವವರು ತಪ್ಪಾಗಿ ಓದಿದ ಅಕ್ಷರವೇ ಆಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನಡುಮಧ್ಯಾಹ್ನ ನುಣ್ಣಗೆ ಕಾಣುವ ಕಲ್ಲಿಗೆ ಮುಸ್ಸಂಜೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಪ್ರತಿ ಗೀರಿನಲ್ಲೂ ನೆರಳು ತುಂಬಿ ಸಾಲುಗಳು ಒಂದೊಂದಾಗಿ ಮೇಲೇಳುತ್ತವೆ. ಬೆಳಕಿನ ದಿಕ್ಕನ್ನು ಬದಲಿಸುತ್ತ ನಾಲ್ಕೈದು ಚಿತ್ರ ತೆಗೆಯಿರಿ. ಒಂದರಲ್ಲಾದರೂ ಅಳತೆಪಟ್ಟಿ ಇರಲಿ.

ಕಲ್ಲಿನ ಎತ್ತರ, ಅಗಲ, ಸಾಲುಗಳ ಸಂಖ್ಯೆ, ಮೇಲ್ಭಾಗದ ಸೂರ್ಯಚಂದ್ರರಂಥ ಶಿಲ್ಪ, ನಿಂತಿರುವ ಜಾಗ, ಇವನ್ನೆಲ್ಲ ಅಲ್ಲಿಯೇ ಬರೆದುಕೊಳ್ಳಿ.

ಕಾಲ ತಿಳಿಯಲು ಶಕವರ್ಷಕ್ಕೆ 78 ಕೂಡಿಸಿ, ಸಂವತ್ಸರದ ಹೆಸರಿನೊಡನೆ ತಾಳೆ ನೋಡಬೇಕು: ಶಕ 1300 ಎಂದಿದ್ದರೆ ಕ್ರಿ.ಶ. 1378, ಸಂವತ್ಸರ ಕಾಳಯುಕ್ತ. ಎರಡೂ ಹೊಂದದಿದ್ದರೆ ಅಂಕಿಗಳನ್ನು ಮತ್ತೊಮ್ಮೆ ಓದಿ. ಕೊನೆಗೆ, ಇದು ಈಗಾಗಲೇ ಪ್ರಕಟವಾದ ಶಾಸನವೇ ಎಂಬುದನ್ನು ಶಾಸನ ಸಂಪುಟಗಳಲ್ಲಿ ಪರಿಶೀಲಿಸಿ.